ಅರಳುಮರಳು ಎಂಬ ಮಾತು

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ ಮನೆಯವರು ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ಗಾದೆಯಲ್ಲಿ ಕೊಂಚ ಅನುಕಂಪವುಂಟು, ಕೊಂಚ ಪರಿಹಾಸವೂ ಉಂಟು. ಆದರೆ ಇದು ರೋಗವಿರಬಹುದೆಂಬ ಶಂಕೆಗೆ ಅದರಲ್ಲಿ ಎಡೆಯಿಲ್ಲ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯೊಂದಕ್ಕೆ ಆಗುಸ್ತೆ ಎಂಬ ಗೃಹಿಣಿಯನ್ನು ಕರೆತಂದರು. ಆಕೆಗಿನ್ನೂ 51 ವರ್ಷ. ಆದರೂ ತನ್ನ ಹೆಸರನ್ನು ಬರೆಯಲು ಆಕೆಗೆ ಆಗುತ್ತಿರಲಿಲ್ಲ. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ನಡುವೆ ಕಲೆಗಟ್ಟಿದ ವಸ್ತುವೂ ಕೋಶಗಳೊಳಗೆ ಸಿಕ್ಕುಗೊಂಡ ಎಳೆಗಳೂ ಕಂಡವು. ಮುಪ್ಪಿನ ತಲೆಗೆ ಕಟ್ಟಿದ್ದ ಅಪವಾದಕ್ಕೆ ಬೇರೊಂದು ಕಾರಣ ಹೀಗೆ ಗೋಚರವಾಯಿತು.

ವೈದ್ಯರು ಡಿಮೆನ್ಷಿಯಾ ಎನ್ನುವುದು ಒಂದೇ ರೋಗವನ್ನಲ್ಲ. ಆಲ್ಝೈಮರ್ ರೋಗ ಅದರ ಅತಿ ಸಾಮಾನ್ಯ ಕಾರಣ. ಮಿದುಳಿನ ರಕ್ತನಾಳಗಳು ಕೆಟ್ಟು ಬರುವುದು ಇನ್ನೊಂದು ಬಗೆ. ಲ್ಯೂಯಿ ಕಾಯಗಳ ಬಗೆಯಲ್ಲಿ ಇಲ್ಲದ್ದು ಕಣ್ಣಿಗೆ ಕಾಣುವುದುಂಟು, ನಡಿಗೆ ಬಿಗಿಯುವುದುಂಟು. ಮಿದುಳಿನ ಮುಂಭಾಗಕ್ಕೆ ತಗಲುವ ಬಗೆಯಲ್ಲಿ ಮರೆವಿಗಿಂತ ಮೊದಲೇ ನಡತೆಯೋ ಮಾತೋ ಕೆಡುತ್ತದೆ. ಇವಲ್ಲದೆ ಥೈರಾಯಿಡ್ ಕೊರತೆ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವೂ ಮರೆವಿನ ವೇಷದಲ್ಲಿ ಬರಬಹುದು. ಇವಕ್ಕೆ ಚಿಕಿತ್ಸೆಯಿದೆ, ಗಾದೆ ಹೇಳಿ ಸುಮ್ಮನಾದ ಮನೆಯಲ್ಲಿ ಅದೂ ತಪ್ಪಿಹೋಗುತ್ತದೆ.

ವಯಸ್ಸನ್ನು ತಡೆಯುವುದು ಯಾರಿಂದಲೂ ಆಗದು. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡು, ಧೂಮಪಾನ, ಒಂಟಿತನ, ಬಾಲ್ಯದಲ್ಲಿ ವಿದ್ಯೆಯ ಅಭಾವ ಮೊದಲಾದ 14 ಕಾರಣಗಳನ್ನು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿತು. ಇವನ್ನು ನಿವಾರಿಸಿದರೆ ಶೇಕಡಾ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಅಜ್ಜಿಗೆ ಶ್ರವಣಯಂತ್ರ ತಂದುಕೊಡುವುದೂ ಮಿದುಳಿನ ರಕ್ಷಣೆಯೇ ಎಂದಾಯಿತಲ್ಲವೆ?

2023ರಲ್ಲಿ ಅಮೆರಿಕ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ ಪೂರ್ಣ ಸಮ್ಮತಿಯಿತ್ತಿತು. ಅದು ಆಲ್ಝೈಮರ್ ರೋಗದ ಆರಂಭದಲ್ಲಿ ಅದರ ಗತಿಯನ್ನು ಕೊಂಚ ನಿಧಾನಗೊಳಿಸುತ್ತದೆ. ಕಳೆದ ನೆನಪನ್ನು ಮರಳಿಸದು. ನಮ್ಮಲ್ಲೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ಮತ್ತೆ ಮತ್ತೆ ಪರೀಕ್ಷಿಸಿ, ನಮ್ಮ ಗ್ರಾಮೀಣರ ಮಿದುಳು ಹೇಗೆ ಮಾಗುತ್ತದೆ, ಹೇಗೆ ಬಾಡುತ್ತದೆ ಎಂಬುದನ್ನು ಅರಸುತ್ತಿದ್ದಾರೆ.

ಬೀಗದ ಕೈಯನ್ನು ಎಲ್ಲಿಟ್ಟೆವೆಂದು ಮರೆಯುವುದು ವಯಸ್ಸಿಗೆ ಸಹಜ. ಅದು ಏತಕ್ಕೆಂಬುದನ್ನೇ ಮರೆತರೆ, ಹುಟ್ಟಿ ಬೆಳೆದ ಬೀದಿಯಲ್ಲಿ ದಾರಿ ತಪ್ಪಿದರೆ, ವೈದ್ಯರಲ್ಲಿಗೆ ಹೋಗಬೇಕು. ಅದೇ ಪ್ರಶ್ನೆಯನ್ನು ಹತ್ತನೆಯ ಬಾರಿ ಕೇಳುವ ತಂದೆ ನಮ್ಮನ್ನು ಪೀಡಿಸುತ್ತಿಲ್ಲ. ಅವರ ಪಾಲಿಗೆ ಅದು ಮೊದಲನೆಯ ಬಾರಿ. ಅಷ್ಟನ್ನು ನೆನಪಿಟ್ಟುಕೊಳ್ಳುವುದು ನಮ್ಮ ಹೊಣೆ.