ಟಿಕ್ ಹಾಕುವ ಮುಂಚೆ ಪೂರ್ತಿ ಕೇಳಿ

ಇವತ್ತು ಬ್ರೈಲ್ ಡಿಸ್‌ಪ್ಲೇ ಬಗ್ಗೆ ಮಾತಾಡಬೇಕು ಅಂತ ಸಿದ್ಧತೆ ಮಾಡಿಕೊಂಡಿದ್ದೆ. ಅದು ಇನ್ನೊಂದು ದಿನಕ್ಕಿರಲಿ. 2025ರ ಜೂನ್‌ನಲ್ಲಿ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎಯ 2025.1 ಆವೃತ್ತಿ ಬಂತಲ್ಲ, ಅವತ್ತಿನಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಬೀದರಿನಿಂದ ಒಬ್ಬರು, ಚಾಮರಾಜನಗರದಿಂದ ಇನ್ನೊಬ್ಬರು. ಊರು ಬೇರೆ, ದೂರು ಒಂದೇ: "ಸರ್, ಅಪ್‌ಡೇಟ್ ಮಾಡಿದೆ, ಕನ್ನಡ ಹೋಯ್ತು."

ಕನ್ನಡ ಎಲ್ಲಿಗೂ ಹೋಗಿಲ್ಲ. ನೀವೇ ಕಳಿಸಿದ್ದೀರಿ. ಹೇಗೆ ಅಂತ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಸ ಆವೃತ್ತಿ ಇನ್‌ಸ್ಟಾಲ್ ಮಾಡುವಾಗ ಒಂದು ಕಿಟಕಿ ತೆರೆಯುತ್ತದೆ. ನಿಮ್ಮ ಈ ಈ ಆಡ್‌ಆನ್‌ಗಳು, ಅಂದರೆ ನೀವು ಹೆಚ್ಚುವರಿಯಾಗಿ ಸೇರಿಸಿಕೊಂಡ ಪ್ರೋಗ್ರಾಮ್‌ಗಳು, ಹೊಸ ಆವೃತ್ತಿಗೆ ಹೊಂದುವುದಿಲ್ಲ, ಇವು ನಿಲ್ಲುತ್ತವೆ ಅಂತ ಎನ್‌ವಿಡಿಎ ಸ್ಪಷ್ಟವಾಗಿಯೇ ಹೇಳುತ್ತದೆ. ಯಾವ ಯಾವುವು ಅಂತ ತಿಳಿಯಲು ಅಲ್ಲೇ ಒಂದು ಬಟನ್ ಇದೆ. ಅದರ ಜೊತೆಗೆ ಒಂದು ಚೆಕ್‌ಬಾಕ್ಸ್ ಇದೆ: ಇವು ನಿಲ್ಲುತ್ತವೆ ಎಂಬುದು ನನಗೆ ಅರ್ಥವಾಗಿದೆ, ಬೇಕಾದರೆ ಆಮೇಲೆ ನನ್ನ ಜವಾಬ್ದಾರಿಯ ಮೇಲೆ ಚಾಲೂ ಮಾಡಿಕೊಳ್ಳುತ್ತೇನೆ ಅಂತ. ಟಿಕ್ ಹಾಕದಿದ್ದರೆ ಮುಂದೆ ಬಿಡುವುದೇ ಇಲ್ಲ. ನೀವೇನು ಮಾಡಿದಿರಿ? ಅದು ಅರ್ಧ ವಾಕ್ಯ ಹೇಳುವಷ್ಟರಲ್ಲಿ ಕಂಟ್ರೋಲ್ ಒತ್ತಿ ಬಾಯಿ ಮುಚ್ಚಿಸಿದಿರಿ. ಟ್ಯಾಬ್, ಟ್ಯಾಬ್, ಸ್ಪೇಸ್, ಎಂಟರ್. ಕೇಳಿಯೇ ಇಲ್ಲ, ಅರ್ಥವಾಗಿದೆ ಅಂತ ಬರೆದುಕೊಟ್ಟಾಯಿತು! ಬ್ಯಾಂಕಿನವರು ಫಾರಂ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡರು ಅಂತ ಜಗಳ ಆಡುವವರೂ ನೀವೇ.

ನಿಂತ ಆಡ್‌ಆನ್‌ಗಳಲ್ಲಿ ನಿಮ್ಮ ಕನ್ನಡ ಧ್ವನಿಯ ಆಡ್‌ಆನೂ ಇತ್ತು. ಅದು ನಿಂತ ಮೇಲೆ ಎನ್‌ವಿಡಿಎ ಸುಮ್ಮನೆ ಕೂರುವುದಿಲ್ಲ, ವಿಂಡೋಸ್‌ನಲ್ಲೇ ಇರುವ ಇಂಗ್ಲಿಷ್ ಧ್ವನಿಯನ್ನು ಹಿಡಿದುಕೊಳ್ಳುತ್ತದೆ. ಆ ಧ್ವನಿ ಮೆನು ಓದುತ್ತದೆ, ಡೆಸ್ಕ್‌ಟಾಪ್ ಓದುತ್ತದೆ. ಕನ್ನಡ ಅಕ್ಷರ ಎದುರಾದ ಕೂಡಲೇ ತುಟಿ ಬಿಚ್ಚುವುದಿಲ್ಲ. ಇಷ್ಟೇ ವಿಷಯ. ಒಳಗೆ ಏನು ಬದಲಾಯಿತು ಅನ್ನುವುದು ಪ್ರೋಗ್ರಾಮ್ ಬರೆಯುವವರ ತಲೆನೋವು, ನಮಗೆ ಬೇಡ.

ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯ ಮೇಷ್ಟ್ರ ಕಥೆ ಹೇಳಲೇಬೇಕು. ಸಮಾಜ ವಿಜ್ಞಾನ ಪಾಠ ಮಾಡುತ್ತಾರೆ, ಹುಟ್ಟಿನಿಂದ ಅಂಧರು, ಕೆಲಸದಲ್ಲಿ ಬಲು ಶಿಸ್ತು. ವರ್ಷಗಟ್ಟಲೆ ಕೂತು ಹತ್ತನೇ ತರಗತಿಯ ನೋಟ್ಸ್, ಪ್ರಶ್ನೆಪತ್ರಿಕೆ ಎಲ್ಲವನ್ನೂ ತಾವೇ ಕೀಲಿಸಿ ಇಟ್ಟುಕೊಂಡವರು. ಶಾಲೆ ಶುರುವಾದ ಹೊಸತು, ಒಂದು ಭಾನುವಾರ ಅಪ್‌ಡೇಟ್ ಮಾಡಿದ್ದಾರೆ. ನಾನು ಹೇಳಿದ ಅದೇ ಟ್ಯಾಬ್, ಸ್ಪೇಸ್, ಎಂಟರ್. ಆಮೇಲೆ ನೋಟ್ಸ್ ತೆರೆದರೆ ಮೌನ. ಫೈಲಿನ ಹೆಸರು ಇಂಗ್ಲಿಷಿನಲ್ಲಿತ್ತು, ಅದನ್ನು ಓದುತ್ತದೆ. ಒಳಗೆ ಬಾಣದ ಕೀಲಿ ಎಷ್ಟು ಒತ್ತಿದರೂ ಉಸಿರಿಲ್ಲ. ಫೈಲುಗಳೆಲ್ಲ ಖಾಲಿಯಾಗಿವೆ, ವೈರಸ್ ತಿಂದಿದೆ ಅಂತ ತೀರ್ಮಾನಿಸಿದರು. ಖಾಲಿ ಫೈಲು ಇಟ್ಟುಕೊಂಡು ಏನು ಮಾಡುವುದು? ಒಂದೊಂದಾಗಿ ಡಿಲೀಟ್ ಮಾಡತೊಡಗಿದರು.

ಅವರ ಮಗಳು ಏಳನೇ ತರಗತಿ. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತದ್ದು ನೋಡಿ ಹತ್ತಿರ ಬಂದು ಪರದೆ ನೋಡಿದಳು. "ಅಪ್ಪಾ, ಎಲ್ಲಾ ಐತಲ್ಲ! ವಿಜಯನಗರ ಅಂತ ಬರ್ದೈತಿ" ಅಂದಳು. ಮೇಷ್ಟ್ರು ನಂಬಲಿಲ್ಲ. ಅಪ್ಪನಿಗೆ ಸಮಾಧಾನ ಹೇಳುತ್ತಿದ್ದಾಳೆ ಅಂದುಕೊಂಡರಂತೆ. ರಾಣೆಬೆನ್ನೂರಿನ ಕಡೆ ಬೇರೆ ಕೆಲಸಕ್ಕೆ ಹೋಗಿದ್ದ ನಾನು ವಿಷಯ ತಿಳಿದು ಮಳೆಯಲ್ಲೇ ಅವರ ಮನೆಗೆ ಹೋದೆ. ಅವರ ಮನೆಯವರು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ಮೇಷ್ಟ್ರು ಮಾತ್ರ ತಟ್ಟೆ ಮುಟ್ಟಲಿಲ್ಲ. ರೀಸೈಕಲ್ ಬಿನ್ ತೆರೆದರೆ ಫೈಲುಗಳೆಲ್ಲ ಅಲ್ಲೇ ಬಿದ್ದಿದ್ದವು. ರಿಸ್ಟೋರ್ ಮಾಡಿ, ಇ-ಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಕನ್ನಡ ಧ್ವನಿ ಹಾಕಿ ಬಾಣ ಒತ್ತಿದೆ. "ವಿಜಯನಗರ ಸಾಮ್ರಾಜ್ಯ" ಅಂತ ಅದು ತಗಡಿನ ಡಬ್ಬದೊಳಗಿನಿಂದ ಕೂಗಿತು. ಆಮೇಲೆ ಮಿರ್ಚಿ ಖಾಲಿ.

ಈ ಮೇಷ್ಟ್ರು ಮರೆತ ಒಂದು ವಿಷಯ ನೀವು ಮರೆಯಬೇಡಿ. ಸಾಲು ನಿಜವಾಗಿ ಖಾಲಿ ಇದ್ದರೆ ಎನ್‌ವಿಡಿಎ ಬಾಯಿ ಬಿಟ್ಟು "ಬ್ಲ್ಯಾಂಕ್" ಅನ್ನುತ್ತದೆ. ಏನೂ ಹೇಳದೆ ಸುಮ್ಮನಿದ್ದರೆ ಅಲ್ಲಿ ಅಕ್ಷರ ಇದೆ, ಧ್ವನಿಗೆ ಅದನ್ನು ಓದಲು ಬರುತ್ತಿಲ್ಲ ಅಂತ ಅರ್ಥ. ಇನ್ನೂ ಅನುಮಾನವೇ? ಡೆಸ್ಕ್‌ಟಾಪ್ ಕೀಬೋರ್ಡ್ ಇದ್ದವರು ನಂಪ್ಯಾಡಿನ 2ನ್ನು ಬೇಗ ಬೇಗ ಮೂರು ಸಲ ಒತ್ತಿ, ಆ ಅಕ್ಷರದ ಸಂಖ್ಯೆಯನ್ನು ಹೇಳುತ್ತದೆ. ಸಂಖ್ಯೆ ಬಂದರೆ ಅಕ್ಷರ ಇದ್ದೇ ಇದೆ. ಇನ್ನು ಕೆಲವರಿಗೆ ಮೌನದ ಬದಲು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕೇಳುತ್ತವೆ. ಅದು ಬೇರೆ ಕಾಯಿಲೆ. ಯಾರೋ ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲದ್ದರಲ್ಲಿ, ಟೈಪ್ ಮಾಡಿ ಕಳಿಸಿದ್ದಾರೆ. ಅದಕ್ಕೆ ಎನ್‌ವಿಡಿಎ ಬದಲಿಸಿ ಪ್ರಯೋಜನವಿಲ್ಲ, ಯೂನಿಕೋಡ್‌ನಲ್ಲಿ ಕಳಿಸಿ ಅಂತ ಕಳಿಸಿದವರಿಗೇ ಹೇಳಿ. ನಮ್ಮ ಕಚೇರಿಗಳಲ್ಲಿ ಈ ಕಾಯಿಲೆ ಇನ್ನೂ ಹೋಗಿಲ್ಲ.

ಈಗ ಕನ್ನಡ ಹೋದವರು ಮಾಡಬೇಕಾದದ್ದು. ಎನ್‌ವಿಡಿಎ ಕೀಲಿ, ಕಂಟ್ರೋಲ್, ಎಸ್ ಒತ್ತಿ ಇ-ಸ್ಪೀಕ್ ಆರಿಸಿ. ಅದು ಎನ್‌ವಿಡಿಎ ಜೊತೆಗೇ ಬರುತ್ತದೆ, ಅದಕ್ಕೆ ಆಡ್‌ಆನ್ ಬೇಡ. ಆಮೇಲೆ ಎನ್‌ವಿಡಿಎ, ಕಂಟ್ರೋಲ್, ವಿ ಒತ್ತಿ ಧ್ವನಿಗಳ ಪಟ್ಟಿಯಲ್ಲಿ ಕನ್ನಡ ಆರಿಸಿ. ಕೊನೆಗೆ ಎನ್‌ವಿಡಿಎ, ಕಂಟ್ರೋಲ್, ಸಿ ಒತ್ತಿ ಉಳಿಸಿ. ಉಳಿಸದೆ ಎದ್ದು ಹೋಗಿ ಮರುದಿನ ಮತ್ತೆ ಫೋನ್ ಮಾಡಬೇಡಿ. ಇ-ಸ್ಪೀಕ್ ಧ್ವನಿ ಇಂಪಾಗಿಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಇಂಪು ನಿಧಾನವಾಗಿ ಬರಲಿ, ಮೊದಲು ಕೆಲಸ ಸಾಗಲಿ. ನಂತರ ಟೂಲ್ಸ್ ಮೆನುವಿನ ಆಡ್‌ಆನ್ ಸ್ಟೋರ್‌ಗೆ ಹೋಗಿ, ಕಂಟ್ರೋಲ್ ಟ್ಯಾಬ್ ಒತ್ತುತ್ತಾ ಅಪ್‌ಡೇಟ್ ಬಂದಿರುವ ಆಡ್‌ಆನ್‌ಗಳ ಪಟ್ಟಿಗೆ ಬನ್ನಿ. ನಿಮ್ಮದಕ್ಕೆ ಹೊಸದು ಬಂದಿದ್ದರೆ ಹಾಕಿಕೊಳ್ಳಿ. ಬಂದಿಲ್ಲದಿದ್ದರೆ ಹಳೆಯದನ್ನೇ ಬಲವಂತವಾಗಿ ಚಾಲೂ ಮಾಡುವ ದಾರಿಯೂ ಅಲ್ಲೇ ಇದೆ. ಅದನ್ನು ಮಾಡುವವರು ಒಂದು ಆಡ್‌ಆನ್ ಚಾಲೂ ಮಾಡಿ, ಎನ್‌ವಿಡಿಎ ಮತ್ತೆ ಶುರು ಮಾಡಿ, ಸರಿ ಇದ್ದರೆ ಮಾತ್ರ ಮುಂದಿನದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಡಿಸಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಪೂರ್ತಿ ಬಾಯಿ ಕಟ್ಟಿದವರು ಗಾಬರಿಯಾಗಬೇಡಿ, ಅಂಗಡಿಗೂ ಒಯ್ಯಬೇಡಿ. ಅಂಗಡಿಯವರು ಪರದೆ ನೋಡುತ್ತಾರೆ, ಎಲ್ಲ ಸರಿ ಇದೆ ಅನ್ನುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಹೊಡೆದು ಕೈತೊಳೆದುಕೊಳ್ಳುತ್ತಾರೆ. ಮೊದಲು ಎನ್‌ವಿಡಿಎ ಮತ್ತು ಎಸ್ ಒತ್ತಿ ನೋಡಿ. ಮಾತು ನಿಲ್ಲಿಸುವ ಕೀಲಿ ಅದೇ, ಕೈತಪ್ಪಿ ಒತ್ತಿರುತ್ತೀರಿ, ಇನ್ನೊಂದೆರಡು ಸಲ ಒತ್ತಿದರೆ ಮಾತು ವಾಪಸ್ ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ ವಿಂಡೋಸ್‌ನದೇ ಓದುಗ ನರೇಟರ್ ಎಬ್ಬಿಸಿ. ಅದರ ಸಹಾಯದಿಂದ ಎನ್‌ವಿಡಿಎಗೆ ಹೋಗಿ ಎನ್‌ವಿಡಿಎ, ಕ್ಯೂ ಒತ್ತಿ. ಅಲ್ಲಿನ ಪಟ್ಟಿಯಲ್ಲಿ ಆಡ್‌ಆನ್ ಇಲ್ಲದೆ ಮತ್ತೆ ಶುರು ಮಾಡುವ ಆಯ್ಕೆ ಇದೆ, ಅದನ್ನು ಆರಿಸಿ. ನೂರಕ್ಕೆ ತೊಂಬತ್ತು ಪಾಲು ಜನರಿಗೆ ಇಷ್ಟು ಸಾಕು ಅನ್ನುವುದು ನನ್ನ ಅಂದಾಜು.

ಇನ್ನೂ ಅಪ್‌ಡೇಟ್ ಮಾಡದವರು ಅದೃಷ್ಟವಂತರು. ಇವತ್ತೇ ಟೂಲ್ಸ್ ಮೆನುವಿಗೆ ಹೋಗಿ ಪೋರ್ಟಬಲ್ ಕಾಪಿ ಮಾಡಿ ಒಂದು ಪೆನ್‌ಡ್ರೈವಿಗೆ ಹಾಕಿಡಿ. ನಿಮ್ಮ ಸೆಟ್ಟಿಂಗ್ಸ್ ಕೂಡ ನಕಲಾಗಬೇಕು ಅನ್ನುವ ಚೆಕ್‌ಬಾಕ್ಸ್ ಅಲ್ಲಿದೆ. ಅದಕ್ಕೆ ಟಿಕ್ ಹಾಕಿ, ಈ ಸಲ ಕೇಳಿಸಿಕೊಂಡು ಹಾಕಿ! ಹೊಸ ಆವೃತ್ತಿ ಕೈಕೊಟ್ಟರೆ ಪೆನ್‌ಡ್ರೈವಿನಿಂದ ಹಳೆಯದನ್ನು ಓಡಿಸಿ ಅಂದಿನ ಕೆಲಸ ಮುಗಿಸಬಹುದು. ಹಳೆಯ ಇನ್‌ಸ್ಟಾಲರನ್ನೂ ಅಳಿಸಬೇಡಿ. ಸಂಬಳದ ಬಿಲ್ಲು, ಪರೀಕ್ಷೆ, ಸಂದರ್ಶನ ಇರುವ ವಾರದಲ್ಲಿ ಅಪ್‌ಡೇಟ್ ಬೇಡವೇ ಬೇಡ. ಇನ್ನೊಂದು ಗುಟ್ಟು: ಪ್ರತಿ ವರ್ಷದ ಮೊದಲ ಆವೃತ್ತಿ, ಅಂದರೆ ಇಸವಿಯ ಮುಂದೆ ಚುಕ್ಕಿ ಒಂದು ಅಂತ ಇರುವುದು, ಆಡ್‌ಆನ್‌ಗಳಿಗೆ ಗಂಡಾಂತರ ತರುವಂಥದ್ದು. 2023.1ರಲ್ಲೂ ಹೀಗೇ ಆಯಿತು, 2024.1ರಲ್ಲೂ ಆಯಿತು. ಇನ್ನು ಮುಂದೆಯೂ ಆ ಕಿಟಕಿ ಬರುತ್ತದೆ. ಆಗಲಾದರೂ ಕಂಟ್ರೋಲ್ ಒತ್ತಿ ಅದರ ಬಾಯಿ ಮುಚ್ಚಿಸಬೇಡಿ.

ಬೈದದ್ದು ಸಾಕು, ಹೊಸದರಲ್ಲಿ ಒಳ್ಳೆಯದೂ ಇದೆ. ರಿಮೋಟ್ ಆಕ್ಸೆಸ್ ಈಗ ಎನ್‌ವಿಡಿಎ ಒಳಗೇ ಇದೆ, ಬೇರೆ ಆಡ್‌ಆನ್ ಬೇಡ. ಹುಬ್ಬಳ್ಳಿಯಲ್ಲಿರುವ ನಿಮ್ಮ ಕಂಪ್ಯೂಟರನ್ನು ಬೆಂಗಳೂರಿನ ಗೆಳೆಯ ತನ್ನ ಕೀಬೋರ್ಡಿನಿಂದ ನಡೆಸಬಹುದು, ನಿಮ್ಮ ಎನ್‌ವಿಡಿಎ ಹೇಳುವುದು ಅವನ ಕಿವಿಗೂ ಬೀಳುತ್ತದೆ. ಎರಡೂ ಕಡೆ ಎನ್‌ವಿಡಿಎ ಇರಬೇಕು, ಇಬ್ಬರೂ ಒಂದೇ ಕೀ ಕೊಡಬೇಕು. ನಾನು ಆ ಮೇಷ್ಟ್ರ ಮನೆಗೆ ಮಳೆಯಲ್ಲಿ ನೆನೆದು ಹೋಗುವ ಅಗತ್ಯವೇ ಇರಲಿಲ್ಲ! ಆದರೆ ಈಗಲೇ ಒಂದು ಅವಾಂತರ ಶುರುವಾಗಿದೆ. "ಯಾರಾದರೂ ಸಹಾಯ ಮಾಡಿ, ಕೀ ಇದು" ಅಂತ ವಾಟ್ಸಾಪ್ ಗುಂಪಿಗೆ ಕೀ ಹಾಕುತ್ತಿದ್ದಾರೆ. ನೂರಾರು ಜನರ ಗುಂಪು, ಯಾರು ಯಾರಿದ್ದಾರೋ. ಕೀ ಸಿಕ್ಕವನು ನಿಮ್ಮ ಮೇಲ್, ಬ್ಯಾಂಕ್ ಎಲ್ಲಕ್ಕೂ ಕೈ ಹಾಕಬಹುದು. ಕೀಯನ್ನು ನೀವೇ ಯೋಚಿಸಿ ಕೊಡಬೇಡಿ, ಅಲ್ಲಿರುವ ಬಟನ್ ಒತ್ತಿ ಕಂಪ್ಯೂಟರಿನಿಂದಲೇ ಹುಟ್ಟಿಸಿ. ಗೊತ್ತಿರುವ ಒಬ್ಬರಿಗೆ, ಫೋನಿನಲ್ಲಿ ಮಾತಾಡುತ್ತಾ ಕೊಡಿ. ಕೆಲಸ ಮುಗಿದ ಕೂಡಲೇ ಡಿಸ್‌ಕನೆಕ್ಟ್ ಮಾಡಿ. ಬ್ಯಾಂಕಿನಿಂದ, ಪೊಲೀಸ್ ಠಾಣೆಯಿಂದ ಮಾತಾಡುತ್ತಿದ್ದೇನೆ ಅಂತ ಯಾರೇ ಕೀ ಕೇಳಲಿ, ಫೋನ್ ಇಡಿ.

ಆಡ್‌ಆನ್‌ಗೂ ಇದೇ ಮಾತು. ಬಿಟ್ಟಿ ಸಿಕ್ಕಿತು ಅಂತ ಟೆಲಿಗ್ರಾಂ, ವಾಟ್ಸಾಪಿನಿಂದ ಇಳಿಸಿಕೊಂಡ ಕದ್ದ ಧ್ವನಿಗಳನ್ನು ಹಾಕಿಕೊಂಡು, ಕೆಟ್ಟ ಮೇಲೆ ನನಗೆ ಫೋನ್ ಮಾಡಿದರೆ ನಾನೇನು ಮಾಡಲಿ? ಆಡ್‌ಆನ್ ಎಂದರೆ ಓಡುವ ಪ್ರೋಗ್ರಾಮ್, ನೀವು ಒತ್ತುವ ಪ್ರತಿ ಕೀಲಿಯೂ ಅದಕ್ಕೆ ತಿಳಿಯಬಹುದು. ಸ್ಟೋರ್‌ನಿಂದ ತೆಗೆದುಕೊಳ್ಳಿ, ಇಲ್ಲವೇ ದುಡ್ಡು ಕೊಟ್ಟು ಕೊಳ್ಳಿ. ಹೊಸದರಲ್ಲಿ ಇನ್ನೊಂದು ಒಳ್ಳೆಯದು: ವಿಂಡೋಸ್‌ನ ಸ್ಯಾಪಿ 5 ಧ್ವನಿ ಬಳಸುವವರಿಗೆ ರೇಟ್ ಬೂಸ್ಟ್ ಬಂದಿದೆ, ಓದುವ ವೇಗ ಚೆನ್ನಾಗಿ ಏರುತ್ತದೆ. ಕೆಪಿಎಸ್‌ಸಿಗೆ ಓದುವ ಹುಡುಗ ಹುಡುಗಿಯರು ಇದನ್ನು ಬಿಡಬೇಡಿ. ಕಲಿಸುವವರು ಬೇಕಾದರೆ ಬೆಂಗಳೂರಿನಲ್ಲಿ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳಿವೆ.

ವಿಂಡೋಸ್ 7 ಇಟ್ಟುಕೊಂಡವರಿಗೆ ಈ ಭಾಷಣದ ಅರ್ಧ ಅನ್ವಯಿಸುವುದೇ ಇಲ್ಲ. ನಿಮಗೆ ಎನ್‌ವಿಡಿಎ 2023.3ರ ಸರಣಿಯೇ ಕೊನೆ. ವಿಂಡೋಸ್ 10 ಇರುವವರು ಗಮನಿಸಿ: 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಅವತ್ತೇ ಎನ್‌ವಿಡಿಎ ನಿಲ್ಲಲಿಲ್ಲ, ಆದರೆ ಭದ್ರತೆಯ ಅಪ್‌ಡೇಟ್‌ಗಳು ಹಿಂದಿನಂತೆ ಬರುವುದಿಲ್ಲ. ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಕೆಲಸ ಮಾಡುವವರು ಹೊಸ ಕಂಪ್ಯೂಟರಿಗೆ ಈಗಲೇ ಲಿಖಿತ ಅರ್ಜಿ ಕೊಡಿ. ನಿಮ್ಮ ಕೆಲಸಕ್ಕೆ ಬೇಕಾದ ಅನುಕೂಲ ಒದಗಿಸುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ ಕಚೇರಿಯ ಕರ್ತವ್ಯ, ಅದನ್ನು ಅರ್ಜಿಯಲ್ಲೇ ಬರೆಯಿರಿ. ಟಪಾಲು ವಿಭಾಗದಿಂದ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಬನ್ನಿ.