ಎಡಮುರಿ ಕಾಯಿಗೊಂದು ಗ್ರೀಕ್ ಹೆಸರು



ಜೋಗಿಮಟ್ಟಿಯಂಥ ಕುರುಚಲು ಕಾಡಿನಲ್ಲಿ ಆಳೆತ್ತರಕ್ಕೂ ಮಿಗಿಲಾಗಿ ಬೆಳೆಯುವ ಗಿಡ ಎಡಮುರಿ. ಯಲ್ಲದಕೆರೆ, ಹಿರಿಯೂರು ಕಡೆಯವರು ಗಿಡ ಕಾಣದಿದ್ದರೂ ಗ್ರಂಧಿಗೆ ಅಂಗಡಿಯಲ್ಲಿ ಕಾಯಿ ಕಂಡಿರಬಹುದು. ಬೆರಳುದ್ದ, ಕಂದು ಬಣ್ಣ, ಹುರಿಮಾಡಿದ ಹಗ್ಗದ ತುಂಡೇ ಸರಿ. ಬಿಡಿಸಿದರೆ ಐದು ಎಳೆ. ಎಳೆಯೊಂದೊಂದೂ ಬೀಜ ತುಂಬಿದ ಕೋಶ. ತೊಗಟೆಯ ನಾರಿನಿಂದ ನಿಜವಾದ ಹಗ್ಗವನ್ನೂ ಹೊಸೆಯುತ್ತಾರೆ.

ಇಲ್ಲಿ ಮುರಿ ಎಂದರೆ ತುಂಡು ಮಾಡುವುದಲ್ಲ, ತಿರುಚುವುದು. ಎದ್ದ ಕೂಡಲೇ ಮೈ ಮುರಿಯುತ್ತೇವಲ್ಲ, ಆ ಮುರಿ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಇದನ್ನು ಹೆಲಿಕ್ಟರಿಸ್ ಐಸೋರ ಎಂದು ಕರೆದ. ಗ್ರೀಕಿನ 'ಹೆಲಿಕ್ಟೇರ್' ಅಂದರೆ ತಿರುಚಿ ಮಾಡಿದ್ದು. ಕಿವಿಯ ಒಡವೆಗೂ ಕೈಕಡಗಕ್ಕೂ ಆ ಹೆಸರಿತ್ತು. ನಮ್ಮ ಹಿಂದಿನ ಗಂಡಸರು ಕಿವಿಗೆ ಇಡುತ್ತಿದ್ದ ಮುರುವು ನನಗೆ ನೆನಪಾಗುತ್ತದೆ. ಐಸೋರ ಮಾತ್ರ ಗ್ರೀಕಲ್ಲ, ಮಲಬಾರಿನದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಅಲ್ಲಿನ ವೈದ್ಯರನ್ನು ಕೇಳಿ ಮಾಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್'ನಲ್ಲಿ ಇದು 'ಐಸೋರ ಮುರ್ರಿ'. ಆ ಮುರ್ರಿ ನಮ್ಮ ಮುರಿಯ ನೆಂಟನೇ ಇರಬೇಕೆಂದು ನನ್ನ ಊಹೆ. ಲಿನೇಯಸ್ ಅದನ್ನು ಕೈಬಿಟ್ಟ. ಅದರ ಅರ್ಥ ಗ್ರೀಕ್ ವೇಷದಲ್ಲಿ ಮುಂದೆ ಬಂದು ಕೂತಿದೆ.

ಇದೇ ಕುಲದ ಇನ್ನೊಂದು ಪದ ಹೀಲಿಕ್ಸ್, ಅಂದರೆ ಸುರುಳಿ. ಬಸವನಹುಳುವಿನ ಒಂದು ಜಾತಿಗೂ ನಮ್ಮ ಹೊರಗಿವಿಯ ಮಡಿಕೆಗೂ ಅದೇ ಹೆಸರು. 1861ರಲ್ಲಿ ಫ್ರಾನ್ಸಿನ ಪೊಂತೋ ದಾಮೆಕೂರ್ ಅದಕ್ಕೆ ರೆಕ್ಕೆ ಎಂಬರ್ಥದ 'ಪ್ಟೆರಾನ್' ಜೋಡಿಸಿದ, ಹೆಲಿಕಾಪ್ಟರ್ ಎಂಬ ಪದ ಹುಟ್ಟಿತು. ಹೆಲಿಪ್ಯಾಡ್ ಎನ್ನುವಾಗ ನಾವು ಸುರುಳಿಯನ್ನು ನಡುವೆಯೇ ಕತ್ತರಿಸುತ್ತೇವೆ, ಇರಲಿ.

ಹೊಟ್ಟೆ ನುಲಿದರೆ ನುಲಿದ ಕಾಯೇ ಮದ್ದು ಎಂದು ಇದನ್ನು ತೇಯ್ದು ಕೊಡುವ ರೂಢಿಯಿದೆ. ಆಕಾರ ನೋಡಿ ಗುಣ ಹೇಳುವುದನ್ನು ನಾನು ನಂಬುವುದಿಲ್ಲ. ಹಸುಗೂಸಿಗಂತೂ ವೈದ್ಯರನ್ನು ಕೇಳದೆ ಕೊಡಬೇಡಿ.

ಇನ್ನು ಎಡ ಬಲದ ಮಾತು. ಕಾಯನ್ನು ತಲೆಕೆಳಗು ಹಿಡಿದರೆ ಎಡಮುರಿ ಬಲಮುರಿಯಾದೀತೇ? ಆಗದು. ಯಾವ ತುದಿಯಿಂದ ನೋಡಿದರೂ ಸುರುಳಿಯ ದಿಕ್ಕು ಅದೇ. ಕನ್ನಡಿಯೊಳಗೆ ಮಾತ್ರ ಅದು ಬದಲಾಗುತ್ತದೆ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ರೂಪ ತಿಳಿಸಿದ ಡಿಎನ್‌ಎಯ ಜೋಡಿ ಸುರುಳಿ ಸಾಮಾನ್ಯವಾಗಿ ಬಲಮುರಿ.