ಶರಣ್ರಿ

ಸಿಂಧನೂರು ಸೀಮೆಯ ಗೊರೇಬಾಳದ ಕಡೆ ಹೊಲಕ್ಕೆ ಹೊರಟವರು ಹಿರಿಯರನ್ನು ಕಂಡರೆ ತುಸು ನಿಂತು, ತಲೆಬಾಗಿ ‘ಶರಣ್ರಿ’ ಅನ್ನುತ್ತಾರೆ. ಮನೆಮನೆಯಲ್ಲೂ ಶರಣಪ್ಪ, ಶರಣಮ್ಮ ಇದ್ದಾರೆ.

ಸಂಸ್ಕೃತದಲ್ಲಿ ಶರಣವೆಂದರೆ ಆಸರೆ, ನೆಲೆ. ಬುದ್ಧ, ಧರ್ಮ, ಸಂಘಕ್ಕೆ ಬೌದ್ಧರು ಮೊರೆಹೋಗುವುದೂ ಇದೇ ಮಾತಿನಿಂದ. ಆ ಬೌದ್ಧ ನೆನಪು ಈ ನೆಲದಲ್ಲೂ ಇದೆ: ಇದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಪತ್ತೆಯಾದ ಅಶೋಕನ ಶಾಸನವು, ಧರ್ಮದಲ್ಲಿ ನಡೆದರೆ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಉನ್ನತ ಫಲ ಸಿಗುತ್ತದೆ ಎನ್ನುತ್ತದೆ.

12ನೇ ಶತಮಾನದ ಕಲ್ಯಾಣದಲ್ಲಿ ಶರಣು ಎಂಬ ಪದಕ್ಕೆ ಹೊಸ ಜೀವ ಬಂತು. ಚಮ್ಮಾರ ಹರಳಯ್ಯ ‘ಶರಣು’ ಎಂದಾಗ ಬಸವಣ್ಣ ‘ಶರಣು ಶರಣಾರ್ಥಿ’ ಎಂದರಂತೆ. ಶರಣಾರ್ಥಿ ಅಂದರೆ ಆಸರೆ ಬೇಡುವವನು. ರಾಜ್ಯದ ಮಂತ್ರಿ ಚಮ್ಮಾರನ ಮುಂದೆ ಬೇಡುವವನಾಗಿ ನಿಂತ! ಒಂದು ಹೆಚ್ಚಿನ ಶರಣು ಹೊರಲಾರದ ಋಣವೆನಿಸಿ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಹೊಲಿದರೆಂಬ ಕಥೆಯನ್ನು ಈ ನಾಡು ಇಂದಿಗೂ ಕಣ್ಣೀರಿಟ್ಟು ಕೇಳುತ್ತದೆ. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು.

ಹಿರಿಯರಿಗೆ, ಉಳ್ಳವರಿಗೆ ಶರಣು ಅನ್ನುವುದು ನಮಗೆ ರೂಢಿಯಾಗಿದೆ. ಇಂದು ಬೀದಿ ಗುಡಿಸುವವರಿಗೆ, ಭತ್ತ ನಾಟಿಗೆ ಹೊರಟ ತಾಯಂದಿರಿಗೆ ಮೊದಲು ನಾವೇ ಶರಣು ಅನ್ನೋಣ.